ಮೊಳೆ ಕಾಯಿಸಿ ಬೆಸುಗೆ ಹಾಕುವ ಭಾವಮೈದ

ಐಮಂಗಲದ ಓದುಗರೇ, ನಿಮ್ಮ ಬೋರ್‌ವೆಲ್ ಸ್ಟಾರ್ಟರಿನ ಬೋರ್ಡಿನ ಫೋಟೊ ನೋಡಿದೆ. ಗ್ಯಾಸ್ ಒಲೆಯಲ್ಲಿ ಮೊಳೆ ಕಾಯಿಸಿ ನಿಮ್ಮ ಭಾವಮೈದ ಹಾಕಿರುವ ಬೆಸುಗೆ ರಾಗಿಮುದ್ದೆಯಂತೆ ದುಂಡಗಿದೆ, ಹಿಡಿತ ಮಾತ್ರ ಇಲ್ಲ. ಬೋರ್ಡಿನ ತಾಮ್ರವೂ ಬಿಡಿಭಾಗದ ಕಾಲೂ ಒಟ್ಟಿಗೆ ಕಾಯದಿದ್ದರೆ ಸೋಲ್ಡರ್ ಮೇಲೆ ಕೂರುತ್ತದೆಯೇ ಹೊರತು ಅಂಟುವುದಿಲ್ಲ. ಕಾಂಟ್ಯಾಕ್ಟರ್ ಟಕ್ಕೆಂದಾಗಲೆಲ್ಲ ಅದುರಿ ಸಂಪರ್ಕ ತಪ್ಪುತ್ತದೆ. ಪಂಪು ನಡುನಡುವೆ ನಿಲ್ಲುವುದು ಬಹುಶಃ ಇದಕ್ಕೇ. ನೀವು ಅಂದುಕೊಂಡಂತೆ ನಿಮ್ಮ ದಾಳಿಂಬೆ ತೋಟಕ್ಕೆ ದೃಷ್ಟಿ ತಾಗಿಲ್ಲ, ನಿಂಬೆಹಣ್ಣು ಉಳಿಸಿ.

60:40 ತವರ-ಸೀಸದ ತಂತಿ ಕರಗಲು ಸುಮಾರು 190 ಡಿಗ್ರಿ ಸೆಲ್ಸಿಯಸ್ ಸಾಕು. 25 ವ್ಯಾಟಿನ ಐರನ್ನನ್ನು ಎರಡು-ಮೂರು ಸೆಕೆಂಡು ಒತ್ತಿ ತೆಗೆದರೆ ಕೆಲಸ ಮುಗಿಯಿತು. ಆದರೆ ಅವರು ಪಾತ್ರೆಗೆ ಕಲಾಯಿ ಹಾಕುವ ನವಸಾಗರ ಉಜ್ಜಿದ್ದಾರಲ್ಲ! ಅದರ ಶೇಷ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಫೋಟೊದಲ್ಲಿ ಕಾಣುವ ಹಸಿರು ಕಲೆ ಅದೇ. ಬೋರ್ಡಿಗೆ ಬೇಕಾದ್ದು ರಾಳದ ಫ್ಲಕ್ಸ್.

ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿಹಾಳೆ ಕಂಡು ಮಾತ್ರ ನಗು ಬರಲಿಲ್ಲ. ಫ್ಯೂಸ್ ಸುಡದಿದ್ದರೆ ಮೋಟಾರೇ ಸುಡುತ್ತದೆ.

ಈ ಬೋರ್ಡು ಉಳಿಯದು, ಹೊಸದು ಹಾಕಿಸಿ. ಭಾವಮೈದನಿಗೆ ಹಳೆಯ ರೇಡಿಯೊ ಒಂದು ಕೊಡಿ, ಕಲಿಯಲಿ. ಸ್ಟಾರ್ಟರಿಗೆ ಬರುವುದು 415 ವೋಲ್ಟ್. ಮೇನ್ ಸ್ವಿಚ್ ಆರಿಸದೆ ಆ ಪೆಟ್ಟಿಗೆಯನ್ನು ಯಾರೂ ತೆರೆಯಬೇಡಿ.