ಐವತ್ತು ದಾಟಿದ ಮೇಲೆ ಸೈಕಲ್ ಹಾರಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 54 ವರ್ಷ, ಬ್ಯಾಂಕ್ ಉದ್ಯೋಗಿ. ಕೆಲವು ವರ್ಷಗಳಿಂದ ಭಾನುವಾರ ತಪ್ಪದೆ ಮೌಂಟನ್ ಬೈಕ್ ತುಳಿಯುತ್ತೇನೆ. ಕಲ್ಲುದಾರಿ, ಇಳಿಜಾರು ಎಲ್ಲ ರೂಢಿಯಾಗಿದೆ. ಜೊತೆಗೆ ಬರುವ ಹುಡುಗರು ಮಣ್ಣಿನ ದಿಬ್ಬ ಕಂಡರೆ ಸಾಕು, ಹಾರಿಸಿಕೊಂಡು ಹೋಗುತ್ತಾರೆ. ನಾನು ದಿಬ್ಬದ ಬುಡಕ್ಕೆ ಬಂದದ್ದೇ ಬ್ರೇಕ್ ಹಿಡಿದುಬಿಡುತ್ತೇನೆ. ಒಂದೆರಡು ಸಲ ಹಿಡಿಯದೆ ಹೋದಾಗ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಕುಕ್ಕಿತು. ಈ ವಯಸ್ಸಿಗೆ ಇದು ಬೇಕೆ? ಕಲಿಯಲು ಸಾಧ್ಯವೆ?
– ಓದುಗರು, ಬೆಂಗಳೂರು

ಉತ್ತರ: ಬೇಕೋ ಬೇಡವೋ ನೀವೇ ಹೇಳಬೇಕು. ಕಲಿಯಲು ಖಂಡಿತ ಸಾಧ್ಯ. ಹುಡುಗರು ಹಾರುವ ದಿಬ್ಬದಲ್ಲೇ, ಅವರ ಕಣ್ಣೆದುರಿಗೇ ಕಲಿಯಬೇಕೆಂಬ ಹಟವೊಂದನ್ನು ಬಿಡಿ.

ಮೊದಲು ನಿಮ್ಮ ಹೆದರಿಕೆಗೆ ಒಂದು ಅಳತೆ ಕೊಡೋಣ. ದಿಬ್ಬದ ತುದಿ 20 ಡಿಗ್ರಿ ಏರಿದೆ, ನೀವು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದೀರಿ ಎಂದಿಟ್ಟುಕೊಳ್ಳಿ. ತುದಿ ಬಿಟ್ಟ ಸೈಕಲ್ಲು ಮತ್ತೆ ಅದೇ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಸುಮಾರು 2 ಮೀಟರ್ ಮುಂದೆ ಹೋಗಿರುತ್ತದೆ. ಗಾಳಿಯಲ್ಲಿರುವುದು 0.4 ಸೆಕೆಂಡು. ತುದಿಗಿಂತ ಮೇಲೇರುವುದು 18-19 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಮನಸ್ಸು ಇದನ್ನೇ ಆಳೆತ್ತರ ಮಾಡಿ ತೋರಿಸುತ್ತದೆ. ಅದೇ ದಿಬ್ಬಕ್ಕೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ 3 ಮೀಟರ್ ದಾಟುತ್ತೀರಿ. ವೇಗ ಕಾಲುಭಾಗ ಏರಿದರೆ ದೂರ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ಆದ್ದರಿಂದ ಎತ್ತರಕ್ಕಿಂತ ವೇಗದ ಏರುಪೇರಿಗೆ ಹೆದರಿ. ಪ್ರತಿಸಲವೂ ಒಂದೇ ಜಾಗದಿಂದ ಹೊರಟು, ಪೆಡಲ್ ತುಳಿಯದೆ, ಇಳಿಜಾರು ಕೊಟ್ಟಷ್ಟೇ ವೇಗದಲ್ಲಿ ಬನ್ನಿ. ಆಗ ವೇಗ ತಾನಾಗಿ ಒಂದೇ ಆಗುತ್ತದೆ.

ಇನ್ನು ಮುಂದಿನ ಚಕ್ರ ಕುಕ್ಕಿದ ವಿಷಯ. ಅದು ತುದಿ ದಾಟಿದಾಗ ಹಿಂದಿನ ಚಕ್ರ ಇನ್ನೂ ಏರಿನ ಮೇಲೇ ಇರುತ್ತದೆ. ಸವಾರ ಮರಗಟ್ಟಿ ನಿಂತಿದ್ದರೆ ಆ ಏರು ಹಿಂದಿನ ಚಕ್ರವನ್ನು ಮೇಲಕ್ಕೆ ಒದೆಯುತ್ತದೆ, ಸೈಕಲ್ಲು ಮುಂದಕ್ಕೆ ಬಾಗುತ್ತದೆ. ಹೆದರಿದವರು ಇದನ್ನು ತಪ್ಪಿಸಲು ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಿ, ಕೈ ನೀಟಾಗಿ ಚಾಚಿಬಿಡುತ್ತಾರೆ. ಅಲ್ಲಿಗೆ ಕೆಲಸ ಇನ್ನಷ್ಟು ಕೆಡುತ್ತದೆ: ಚಾಚಿದ ಕೈಗೆ ಹ್ಯಾಂಡಲ್ ಮೇಲೆ ಹಿಡಿತವಿಲ್ಲ, ಮಡಿಸಿ ಕೂತ ಕಾಲಿಗೆ ಆ ಒದೆತವನ್ನು ನುಂಗಲು ಜಾಗವಿಲ್ಲ.

ಕಲಿಸುವಾಗ ನಾನು ಮೊದಲು ನೋಡುವುದು ಬೆರಳುಗಳನ್ನು. ನಾಲ್ಕೂ ಬೆರಳು ಬ್ರೇಕಿನ ಮೇಲೆ ಬಿಗಿದಿದ್ದರೆ, ಗೆಣ್ಣು ಬೆಳ್ಳಗಾಗಿದ್ದರೆ ಅಂದು ದಿಬ್ಬದ ಪಾಠ ಬೇಡ ಎಂದೇ ಲೆಕ್ಕ. ಒಂದೇ ಬೆರಳು ಬ್ರೇಕಿನ ಮೇಲೆ, ಉಳಿದವು ಹಿಡಿಯ ಮೇಲೆ. ಸೀಟು ಪೂರ್ತಿ ಕೆಳಗೆ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಹಿಮ್ಮಡಿ ತುಸು ಇಳಿದಿರಲಿ. ಮೊಣಕೈ ಹೊರಕ್ಕೆ ಬಾಗಿರಲಿ, ದೇಹದ ಭಾರವೆಲ್ಲ ಪಾದದ ಮೇಲಿರಲಿ.

ಈ ನಿಲುವನ್ನು ಪಳಗಿಸಲು ಕಾಡಿಗೆ ಹೋಗಬೇಕಾಗಿಲ್ಲ. ನಿಮ್ಮ ಬಡಾವಣೆಯ ಖಾಲಿ ರಸ್ತೆಯಲ್ಲಿ, ವಾಹನ ಓಡಾಡದ ಬೆಳಗಿನ ಹೊತ್ತು, ಉದ್ದನೆಯ ನುಣುಪಾದ ಹಂಪ್ ಒಂದನ್ನು ಆರಿಸಿಕೊಳ್ಳಿ. ಪೆಡಲ್ ತುಳಿಯದೆ ಅದನ್ನು ದಾಟಿ. ಏರುವಾಗ ಕೈಕಾಲು ಮಡಿಸಿ ಹಂಪನ್ನು ನಿಮ್ಮೊಳಕ್ಕೆ ಬಿಟ್ಟುಕೊಳ್ಳಿ, ಇಳಿಯುವಾಗ ಚಾಚಿ ಒತ್ತಿ. ಸರಿಯಾಗಿ ಮಾಡಿದ ದಿನ ಸೈಕಲ್ಲು ಹಂಪ್ ದಾಟಿದ ಮೇಲೆ ತುಸು ವೇಗ ಗಳಿಸುತ್ತದೆ. ಆ ವ್ಯತ್ಯಾಸ ಪಾದಕ್ಕೆ ಗೊತ್ತಾಗುವವರೆಗೆ ಮುಂದಿನ ಹಂತ ಬೇಡ.

ಆಮೇಲೆ ಟೇಬಲ್‌ಟಾಪ್, ಅಂದರೆ ಏರು, ಚಪ್ಪಟೆ ನೆತ್ತಿ, ಇಳಿಜಾರು ಮೂರೂ ಮಣ್ಣು ತುಂಬಿ ಒಂದಾಗಿರುವ ದಿಬ್ಬ. ನಡುವೆ ಹಳ್ಳವಿರುವ ಗ್ಯಾಪ್ ಜಂಪಿನ ತಂಟೆಗೆ ಹೋಗಬೇಡಿ, ಈ ವರ್ಷವಂತೂ ಬೇಡ. ಟೇಬಲ್‌ಟಾಪಿನಲ್ಲಿ ಕಡಿಮೆ ಹಾರಿದರೆ ಚಕ್ರ ನೆತ್ತಿಯ ಮೇಲೆ ಇಳಿಯುತ್ತದೆ, ತುಸು ಕುಲುಕುತ್ತದೆ, ಅಷ್ಟೆ. ಮೊದಮೊದಲು ಹಾರದೆ ಸುಮ್ಮನೆ ಉರುಳಿಕೊಂಡು ದಾಟಿ. ಬೇಜಾರಾಗುವಷ್ಟು ಸಲ ದಾಟಿ. ಹೊರಡುವ ಜಾಗವನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಒಯ್ಯಿರಿ. ಏರಿನ ಬುಡದಲ್ಲಿ ಕಾಲನ್ನು ಒತ್ತಿ, ತುದಿಗೆ ಬರುತ್ತ ಎದ್ದು ನಿಲ್ಲಿ. ಹ್ಯಾಂಡಲ್ ಎಳೆಯಬೇಡಿ. ಒತ್ತುವುದೂ ಏಳುವುದೂ ಕಾಲಿನ ಕೆಲಸ. ಕಣ್ಣು ತುದಿಯ ಮೇಲೆ ನಿಲ್ಲದಿರಲಿ, ಇಳಿಜಾರಿನ ಕಡೆ ಹೋಗಲಿ. ಒಂದು ದಿನ ಎರಡೂ ಚಕ್ರ ನೆಲ ಬಿಟ್ಟದ್ದು ಇಳಿದ ಮೇಲೆಯೇ ನಿಮಗೆ ತಿಳಿಯುತ್ತದೆ.

ಬ್ರೇಕಿನ ಚಾಳಿಗೆ ಒಂದು ಮದ್ದಿದೆ. ದಿಬ್ಬಕ್ಕೆ ಹತ್ತು ಹನ್ನೆರಡು ಮೀಟರ್ ಮುಂಚೆ ದಾರಿ ಪಕ್ಕ ಬಿಳಿಯ ಕಲ್ಲೊಂದನ್ನಿಡಿ. ಕಲ್ಲಿನ ತನಕ ನಿಲ್ಲುವ ಹಕ್ಕು ನಿಮ್ಮದು, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಕಲ್ಲು ದಾಟಿದ ಮೇಲೆ ಬ್ರೇಕ್ ಇಲ್ಲ. ಏರಿನ ಮೇಲೆ ಹಿಡಿದ ಬ್ರೇಕು ಹಾರುವುದಕ್ಕೂ ಬಿಡುವುದಿಲ್ಲ, ನಿಲ್ಲುವುದಕ್ಕೂ ಬಿಡುವುದಿಲ್ಲ. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯುತ್ತದೆ. ಆಯಾಸ ಶುರುವಾಗುವ ಮುಂಚೆಯೇ ಮನೆಗೆ ಹೊರಡಿ. ‘ಇನ್ನೊಂದೇ ಒಂದು ಸಲ’ ಎಂದು ಮನಸ್ಸು ಹೇಳುವ ಹೊತ್ತಿಗೆ ಕಾಲು ಸೋತಿರುತ್ತದೆ.

ಪ್ರಶ್ನೆ: ಶೂ ಸಿಕ್ಕಿಸಿಕೊಳ್ಳುವ ಕ್ಲಿಪ್ ಪೆಡಲ್ ಇದ್ದರೆ ಸೈಕಲ್ಲನ್ನು ಕಾಲಿನಿಂದಲೇ ಎತ್ತಬಹುದಲ್ಲವೆ?
– ಓದುಗರು, ಹುಬ್ಬಳ್ಳಿ

ಉತ್ತರ: ಎತ್ತಬಹುದು, ಅದಕ್ಕೇ ಬೇಡ ಎನ್ನುವುದು. ಕಾಲು ಒತ್ತುವುದನ್ನು ಕಲಿಯದೆ ಎಳೆಯುವುದನ್ನು ಕಲಿಯುತ್ತದೆ. ಬೀಳುವ ಹೊತ್ತಿಗೆ ಕಾಲು ಬಿಡಿಸಿಕೊಳ್ಳದಿದ್ದರಂತೂ ಕಷ್ಟ. ಮೊಳೆಗಳಿರುವ ಅಗಲವಾದ ಚಪ್ಪಟೆ ಪೆಡಲ್, ಮೆತ್ತನೆಯ ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ. ಜೊತೆಗೆ ಮೊಣಕಾಲಿನ ಕೆಳಗೆ ಗಾರ್ಡ್ ಇರಲಿ, ಆ ಮೊಳೆ ತಾಗಿದರೆ ಚರ್ಮ ಸುಲಿಯುತ್ತದೆ.

ಪ್ರಶ್ನೆ: ನಾನು 58ರ ಗೃಹಿಣಿ. ಮಗಳ ಜೊತೆ ಸೈಕಲ್ ತುಳಿಯಲು ಶುರುಮಾಡಿ ಈಗ ಅವಳಿಗಿಂತ ನನಗೇ ಹುಚ್ಚು ಹೆಚ್ಚು. ಸಣ್ಣ ದಿಬ್ಬ ಹಾರಿಸುವ ಆಸೆಯಿದೆ. ಅಮ್ಮನಿಗೆ ವಯಸ್ಸಾದ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಮನೆಯವರು ಅದನ್ನೇ ಹೇಳಿ ತಡೆಯುತ್ತಾರೆ.
– ಓದುಗರು, ಮೈಸೂರು

ಉತ್ತರ: ಮನೆಯವರ ಮಾತಿನಲ್ಲಿ ಹುರುಳಿದೆ. ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ ಮಗಳು ತನ್ನ ಮೂಳೆಯ ಬಗ್ಗೆ ಎಚ್ಚರವಾಗಿರಬೇಕು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಹಾಗಾಗಿ ವಾದ ಬೆಳೆಸದೆ ಮೂಳೆಯ ಸಾಂದ್ರತೆ ತಿಳಿಸುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಬೆನ್ನುಮೂಳೆ, ಸೊಂಟ ಎರಡನ್ನೂ ಅಳೆಯುತ್ತಾರೆ. ವರದಿಯಲ್ಲಿ ಟಿ-ಸ್ಕೋರ್ ಎಂದಿರುತ್ತದೆ. ಅದು ಮೈನಸ್ 1ಕ್ಕಿಂತ ಮೇಲಿದ್ದರೆ ಸಾಮಾನ್ಯ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ ಎಂದರ್ಥ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಹಾಗೇನಾದರೂ ಬಂದರೆ ನಾನು ನಿಮಗೆ ಹಾರುವುದನ್ನು ಕಲಿಸುವುದಿಲ್ಲ. ಚಕ್ರ ನೆಲದಲ್ಲೇ ಇಟ್ಟು ಹಂಪ್, ತಿರುವು, ಇಳಿಜಾರುಗಳನ್ನು ಒತ್ತಿ ನುಂಗುವ ಪಾಠವನ್ನು ಬೇಕಾದಷ್ಟು ಕಲಿಸುತ್ತೇನೆ. ಅದರಲ್ಲೂ ಸಂತೋಷ ಬಹಳ ಇದೆ.

ಸೈಕಲ್ ಸವಾರರು ಹೆಚ್ಚಾಗಿ ಗಮನಿಸದ ಸಂಗತಿಯೊಂದಿದೆ. ಸೈಕಲ್ ತುಳಿದರೆ ಹೃದಯಕ್ಕೆ ಒಳ್ಳೆಯದು, ತೊಡೆಗೆ ಒಳ್ಳೆಯದು, ಮೂಳೆಗೆ ಹೆಚ್ಚೇನೂ ಸಿಗುವುದಿಲ್ಲ. ದೇಹದ ಭಾರ ಮೂಳೆಯ ಮೇಲೆ ಬೀಳುವುದೇ ಕಡಿಮೆ. ಸ್ಕೋರ್ ಚೆನ್ನಾಗಿದ್ದರೂ ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಬೇಕು. ವಿಟಮಿನ್ ಡಿ ಪರೀಕ್ಷೆಯನ್ನೂ ವೈದ್ಯರ ಬಳಿ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೆಂಗಸರಾಗಲಿ ಗಂಡಸರಾಗಲಿ, ವೈದ್ಯರ ಒಪ್ಪಿಗೆಯಿಲ್ಲದೆ ದಿಬ್ಬದ ಹತ್ತಿರ ಬರಬಾರದು. ತಲೆಗೆ ಬಿದ್ದ ಸಣ್ಣ ಪೆಟ್ಟೂ ಅವರಿಗೆ ಸಣ್ಣದಲ್ಲ.

ಸ್ಕೋರ್ ಚೆನ್ನಾಗಿ ಬಂದರೆ ಆ ವರದಿಯನ್ನು ಮನೆಯವರ ಕೈಗೆ ಕೊಟ್ಟು ಬನ್ನಿ. ಮೊಣಕಾಲು, ಮೊಣಕೈ ಪ್ಯಾಡ್, ಗದ್ದ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಹಾಕಿಕೊಂಡೇ ಶುರುಮಾಡೋಣ. ಬೀಳುವಾಗ ಅಂಗೈ ಊರಿದರೆ ಮಣಿಕಟ್ಟು ಮುರಿಯಬಹುದು. ಕೈ ಮಡಿಸಿ ಭುಜ ಉರುಳಿಸುವುದನ್ನು ಹುಲ್ಲಿನ ಮೇಲೆ ಮೊದಲೇ ರೂಢಿಸಿಕೊಳ್ಳಿ.

ಪ್ರಶ್ನೆ: ದಿಬ್ಬದ ತುದಿ ಕೊನೆಯ ಗಳಿಗೆಯಲ್ಲಿ ಮಸುಕಾಗುತ್ತದೆ. ಹೆದರಿಕೆಯಿಂದಲೋ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕನ್ನಡಕ ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಇರಬೇಕು. ಅದರ ಕೆಳಭಾಗ ಓದುವುದಕ್ಕೆಂದು ಇರುವುದು. ತಲೆ ಬಗ್ಗಿಸದೆ ಕಣ್ಣು ಮಾತ್ರ ಕೆಳಗಿಳಿಸಿ ದಿಬ್ಬ ನೋಡಿದರೆ ಮಸುಕೇ ಕಾಣುವುದು. ದೂರದೃಷ್ಟಿಗೆ ಮಾತ್ರ ಹೊಂದುವ ಒಂಟಿ ಪವರಿನ ಕನ್ನಡಕವೊಂದನ್ನು ಸವಾರಿಗೆಂದೇ ಮಾಡಿಸಿ, ಒಡೆಯದ ಪಾಲಿಕಾರ್ಬೊನೇಟ್ ಗಾಜಿನದು, ಹಿಂದಿನಿಂದ ಪಟ್ಟಿ ಕಟ್ಟುವಂಥದ್ದು. ಹೆದರಿಕೆ ಎಂದುಕೊಂಡ ಎಷ್ಟೋ ತೊಂದರೆ ಕನ್ನಡಕ ಬದಲಾದ ವಾರವೇ ಹೋದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಅಡಿಕೆ ತೋಟದ ಪಕ್ಕ ನಮ್ಮದೇ ಬೇಣವಿದೆ. ಅಲ್ಲಿ ಕಲಿಯಲು ಒಂದು ದಿಬ್ಬ ಕಟ್ಟಿಕೊಳ್ಳಬೇಕು. ಅಳತೆ ಹೇಳುತ್ತೀರಾ?
– ಓದುಗರು, ಸಾಗರ

ಉತ್ತರ: ಸ್ವಂತ ಜಾಗ ಎಂದಿರಿ, ಸಂತೋಷ. ಅರಣ್ಯ ಇಲಾಖೆಯ ಜಾಗದಲ್ಲಿ ಅಗೆಯುವವರಿಂದಾಗಿ ಸವಾರರಿಗೆಲ್ಲ ಗೇಟು ಮುಚ್ಚುತ್ತದೆ.

ಎತ್ತರ 45 ಸೆಂಟಿಮೀಟರ್ ಸಾಕು. ಏರು ಎರಡೂವರೆ ಮೀಟರ್ ಉದ್ದ ಇರಲಿ. ಬುಡದಲ್ಲಿ ನೆಲಕ್ಕೆ ಹೊಂದಿಕೊಂಡು ಒಂದೇ ಸಮನೆ ಬಾಗುತ್ತ ಹೋದರೆ ತುದಿಗೆ ಸುಮಾರು 20 ಡಿಗ್ರಿ ಬರುತ್ತದೆ. ನೆತ್ತಿ ಒಂದೂವರೆ ಮೀಟರ್, ಇಳಿಜಾರು ಎರಡು ಮೀಟರ್, ಅಗಲ ಒಂದೂವರೆ. ಎರಡು ಘನ ಮೀಟರಿಗಿಂತ ತುಸು ಹೆಚ್ಚು ಮಣ್ಣು ಬೇಕು. ತುದಿಯನ್ನು ದಯವಿಟ್ಟು ಗಿಡ್ಡ ಏರಿನ ಕಡಿದಾದ ಗೋಡೆ ಮಾಡಬೇಡಿ. ಹಿಂದಿನ ಚಕ್ರವನ್ನು ಒದೆಯುವುದು ಅಂಥ ತುದಿಯೇ. ಇಳಿಜಾರನ್ನು ಜಿಪುಣತನದಿಂದ ಕಟ್ಟುವವರೂ ಇದ್ದಾರೆ. ಅರ್ಧ ಮೀಟರ್ ಎತ್ತರದಿಂದ ಬಿದ್ದ ಸೈಕಲ್ಲು ಸೆಕೆಂಡಿಗೆ 3 ಮೀಟರಿಗೂ ಮಿಕ್ಕ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಸಮತಟ್ಟು ನೆಲವಾದರೆ ಅಷ್ಟೂ ನಿಮ್ಮ ಮೊಣಕಾಲಿಗೆ. ಹಾರಿದ ದಿಕ್ಕಿಗೇ ಹೊಂದಿಕೊಂಡ ಇಳಿಜಾರಾದರೆ ಅದರಲ್ಲಿ ಬಹುಪಾಲು ಮುಂದಿನ ಓಟವಾಗಿ ಹರಿದುಹೋಗುತ್ತದೆ. ಇಳಿದ ಮೇಲೆ ಹದಿನೈದು ಮೀಟರಾದರೂ ಮರ, ಕಾಲುವೆ, ತಂತಿಬೇಲಿ ಇಲ್ಲದ ಜಾಗ ಬೇಕು.

ಮಳೆ ನಿಂತು ನೆಲದಲ್ಲಿ ಇನ್ನೂ ಪಸೆ ಇರುವಾಗ ಕಟ್ಟಿ. ಒಂದು ಗೇಣು ಮಣ್ಣು ಹಾಕಿ ದಿಮ್ಮಸು ಹೊಡೆಯಿರಿ, ಆಮೇಲೆ ಇನ್ನೊಂದು ಗೇಣು. ಒಮ್ಮೆಗೇ ರಾಶಿ ಹಾಕಿ ಮೇಲೆ ಮಾತ್ರ ಬಡಿದರೆ ಮೊದಲ ವಾರಕ್ಕೇ ತುದಿ ಕುಸಿಯುತ್ತದೆ. ಮಾರ್ಚಿನ ಹೊತ್ತಿಗೆ ಕೆಮ್ಮಣ್ಣು ಹುಡಿಯಾಗುತ್ತದೆ, ಸವಾರಿಯ ಹಿಂದಿನ ಸಂಜೆ ನೀರು ಚಿಮುಕಿಸಿ. ಮಳೆಗಾಲಕ್ಕೆ ಅಡಿಕೆ ಸೋಗೆ ಹೊದಿಸಿಡಿ.

ಪ್ರಶ್ನೆ: 18 ಸಾವಿರ ಕೊಟ್ಟು ಕೊಂಡ ಸೈಕಲ್ಲಿದೆ. ಮುಂದೆ ಸಸ್ಪೆನ್ಶನ್ ಇದೆ. ಜಂಪಿಗೆ ತಡೆಯುತ್ತದೆಯೆ?
– ಓದುಗರು, ತುಮಕೂರು

ಉತ್ತರ: ಸೈಕಲ್ ಜೊತೆ ಬಂದ ಕೈಪಿಡಿ ತೆರೆಯಿರಿ. ಹೆಚ್ಚಿನ ಕಂಪನಿಗಳು ಎಎಸ್‌ಟಿಎಂ ಮಾನದಂಡದಂತೆ 1ರಿಂದ 5ರವರೆಗೆ ದರ್ಜೆ ನಮೂದಿಸುತ್ತವೆ. 2ನೇ ದರ್ಜೆಯ ಸೈಕಲ್ಲು 15 ಸೆಂಟಿಮೀಟರಿನ ಒಳಗಿನ ಇಳಿತಕ್ಕೆ, 3ನೆಯದು 61 ಸೆಂಟಿಮೀಟರಿನ ಒಳಗಿನದಕ್ಕೆ, 4ನೆಯದು 122ರ ಒಳಗಿನದಕ್ಕೆ. ಸಾಗರದ ಓದುಗರಿಗೆ ಹೇಳಿದ ದಿಬ್ಬಕ್ಕೆ 3ನೇ ದರ್ಜೆ ಬೇಕೇ ಬೇಕು. ಕೈಪಿಡಿಯಲ್ಲಿ ದರ್ಜೆಯೇ ಇಲ್ಲದಿದ್ದರೆ, ಅಥವಾ ಫ್ರೇಮಿನ ಮೇಲೆ ಜಂಪ್ ಮಾಡಬೇಡಿ ಎಂಬ ಚೀಟಿಯಿದ್ದರೆ, ಹಂಪ್ ಪಾಠಕ್ಕಷ್ಟೇ ಅದನ್ನು ಬಳಸಿ. ಫೋರ್ಕು ಒತ್ತಿ ಬಿಟ್ಟೊಡನೆ ಟಣ್ಣೆಂದು ಮೇಲೆ ನೆಗೆದರೆ ಗಾಳಿಯಲ್ಲಿ ಅದೇ ನಿಮ್ಮನ್ನು ಕೆಡವುತ್ತದೆ. ರೀಬೌಂಡ್ ತಿರುಪು ಇದ್ದರೆ ನಿಧಾನ ಮಾಡಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ವ್ಯಾಂಕೂವರಿನ ಮಗನ ಮನೆಗೆ ಹೋಗುತ್ತಿದ್ದೇನೆ. ವಯಸ್ಸು 61. ವಿಸ್ಲರ್ ಬೈಕ್ ಪಾರ್ಕಿಗೆ ಕರೆದೊಯ್ಯುತ್ತಾನಂತೆ. ಹೋಗಲೆ?
– ಓದುಗರು, ಧಾರವಾಡ

ಉತ್ತರ: ಹೋಗಿ ಬನ್ನಿ. ವ್ಯಾಂಕೂವರಿನಿಂದ ಸುಮಾರು 120 ಕಿಲೋಮೀಟರ್. ಹತ್ತುವ ಶ್ರಮವಿಲ್ಲ, ಲಿಫ್ಟ್ ಮೇಲಕ್ಕೆ ಒಯ್ಯುತ್ತದೆ. ದಾರಿಗಳಿಗೆ ಬಣ್ಣದ ಗುರುತಿದೆ: ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಷ್ಟ. ಮೊದಲ ದಿನ ‘ಈಸಿ ಡಸ್ ಇಟ್’ ಎಂಬ ಹಸಿರು ದಾರಿ ಬಿಟ್ಟು ಬೇರೆಡೆ ಹೋಗಬೇಡಿ. ಮೈ ಹಗುರವಾದರೆ ನೀಲಿಯ ‘ಬಿ-ಲೈನ್’, ಆಮೇಲೆ ‘ಕ್ರ್ಯಾಂಕ್ ಇಟ್ ಅಪ್’. ಇಲ್ಲಿ ಟೇಬಲ್‌ಟಾಪ್‌ಗಳಿವೆ, ಹಾರದೆಯೂ ಉರುಳಿಕೊಂಡು ದಾಟಬಹುದು. ಜಗತ್ತಿನ ಸವಾರರೆಲ್ಲ ಹೆಸರು ಹೇಳುವ ‘ಎ-ಲೈನ್’ ಕಪ್ಪು ದಾರಿ. ಮಗ ಎಷ್ಟೇ ಕರೆದರೂ ಬೇಡ ಎನ್ನಿ. ಅವನು ನಿಮ್ಮ ಮುಂದೆ ಒಂದೇ ವೇಗದಲ್ಲಿ ಹೋಗಿ ದಾರಿ ತೋರಿಸಲಿ. ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇದೆಯೇ ಎಂದು ಹೊರಡುವ ಮುಂಚೆ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಅಲ್ಲಿ ಆಸ್ಪತ್ರೆಯ ಖರ್ಚು ಪ್ರವಾಸಿಗರಿಗೆ ತೀರ ಭಾರ.

ಒಂದು ವಿಷಯ ಮರೆಯಲೇಬಾರದು. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಕೆನಡಾದಲ್ಲಿ ಎಡಗೈ ಬ್ರೇಕು ಮುಂದಿನ ಚಕ್ರಕ್ಕೆ. ಹಿಂದಿನ ಚಕ್ರವೆಂದುಕೊಂಡು ಎಡಗೈಯನ್ನು ಗಟ್ಟಿಯಾಗಿ ಹಿಡಿದರೆ ತಲೆಕೆಳಗಾಗುತ್ತೀರಿ. ಬಾಡಿಗೆ ಸೈಕಲ್ ಕೈಗೆ ಬಂದ ಕೂಡಲೇ ಎರಡನ್ನೂ ಅದಲುಬದಲು ಮಾಡಿಕೊಡಲು ಅಂಗಡಿಯವರನ್ನು ಕೇಳಿ. ಆಗದು ಎಂದರೆ ಲಿಫ್ಟ್ ಹತ್ತುವ ಮುಂಚೆ ಸಮತಟ್ಟು ಜಾಗದಲ್ಲಿ, ಎಡಗೈ ಬೆರಳಿಗೆ ಅಭ್ಯಾಸವಾಗುವವರೆಗೆ, ನಿಧಾನವಾಗಿ ಹಿಡಿದು ಬಿಟ್ಟು ನೋಡಿ.