ಕಂಪನಿ ಕಟ್ಟುವ ಮಗಳಿಗೆ

ಮಗಳೇ, ಮೈಸೂರಿಗೆ ಹೋಗಿ ಆರು ತಿಂಗಳು ಸ್ಪೋಕನ್ ಇಂಗ್ಲಿಷ್ ಕಲಿತು ಬಂದಮೇಲೇ ಕಂಪನಿ ಶುರುಮಾಡುತ್ತೇನೆ ಅಂದೆಯಂತೆ. ನಿಮ್ಮಪ್ಪ ಹೇಳಿದ. ಕಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೋಸ್ಕರ ಕೆಲಸ ಮುಂದೂಡಬೇಡ ಕಣವ್ವ. ಬದನವಾಳಿನಲ್ಲಿ ಕೂತು ಕೈಮಗ್ಗದ ಬಟ್ಟೆಯ ಚೀಲ, ಜುಬ್ಬ, ಮೇಜಿನ ಹಾಸು ಹೊಲಿಸಿ ಮಾರಲು ಹೊರಟವಳಿಗೆ ಬೇಕಾದ ಇಂಗ್ಲಿಷ್ ತೀರಾ ಸ್ವಲ್ಪ. ಆ ಸ್ವಲ್ಪ ಮಾತ್ರ ಕರಾರುವಾಕ್ಕಾಗಿರಬೇಕು. ಎಷ್ಟು ಪೀಸು, ಯಾವ ತಾರೀಖು, ಏನು ರೇಟು, ಯಾವುದು ನಮ್ಮ ಕೈಲಿ ಆಗುವುದಿಲ್ಲ, ಇಷ್ಟನ್ನು ತಡವರಿಸದೆ ಹೇಳಲು ಬಂದರೆ ವ್ಯಾಪಾರ ನಡೆಯುತ್ತದೆ. ಫ್ಯಾಕ್ಟರಿಯ ಪರ್ಚೇಸ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತು, ಮಾರುವವರ ಮಾತನ್ನು ಕೊಳ್ಳುವವರ ಕಡೆಯಿಂದ ಕೇಳಿದವನು ನಾನು. ಮಾತು ಚೆನ್ನಾಗಿತ್ತು ಅಂತ ಯಾರಿಗೂ ಎರಡನೇ ಆರ್ಡರು ಕೊಟ್ಟದ್ದು ನೋಡಿಲ್ಲ.

ಎದುರಿಗೆ ಕೂರುವವರ ಬಗ್ಗೆ ಅಂಜಿಕೆಯೂ ಬೇಡ. ನಂಜನಗೂಡಿನ ಕೈಗಾರಿಕಾ ಪ್ರದೇಶವನ್ನೇ ನೋಡು. ನೆಸ್ಲೆ ಸ್ವಿಟ್ಜರ್ಲೆಂಡಿನ ಕಂಪನಿ, ಎಟಿ ಅಂಡ್ ಎಸ್ ಆಸ್ಟ್ರಿಯಾದ್ದು. ಆ ಎರಡು ದೇಶಗಳಲ್ಲೂ ಜನರ ಮನೆಮಾತು ಇಂಗ್ಲಿಷಲ್ಲ. ಅಲ್ಲಿಂದ ಬರುವ ಎಂಜಿನಿಯರು ನಿನ್ನ ಹಾಗೇ ಅದನ್ನು ಶಾಲೆಯಲ್ಲಿ ಕಲಿತವನು. ನಿನ್ನ ಚೀಲ ನೋಡಲು ಇಟಲಿಯಿಂದಲೋ ಜಪಾನಿನಿಂದಲೋ ಯಾರಾದರೂ ಬಂದರೆ ಅವರ ಕಥೆಯೂ ಅಷ್ಟೇ. ನೀನು ಉದ್ದುದ್ದ ವಾಕ್ಯ ಬಿಟ್ಟರೆ ಕಷ್ಟಪಡುವವರು ಅವರೇ. ಸಣ್ಣ ವಾಕ್ಯ ಮಾಡು, ನಿಧಾನವಾಗಿ ಹೇಳು, ಒಂದು ವಾಕ್ಯದಲ್ಲಿ ಒಂದೇ ವಿಷಯವಿರಲಿ. ಅರ್ಥವಾಗದಿದ್ದರೆ 'ಪ್ಲೀಸ್ ಸೇ ಇಟ್ ಅಗೈನ್' ಅನ್ನು. ಅರ್ಥವಾಗದೆ ತಲೆಯಾಡಿಸಿದರೆ ಆಮೇಲೆ ಬೀಳುವ ಹೊರೆ ದೊಡ್ಡದು.

ತಲೆಯಾಡಿಸುವ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಮನೆಗೆ ಬಂದವರ ಮುಖಕ್ಕೆ 'ಆಗಲ್ಲ' ಅನ್ನುವುದು ಮರ್ಯಾದೆಯಲ್ಲ. 'ನೋಡೋಣ', 'ಟ್ರೈ ಮಾಡ್ತೀವಿ', 'ಹೆಂಗೋ ಮಾಡನ ಬುಡಿ' ಅನ್ನುತ್ತೇವೆ. ಊರಿನವರಿಗೆ ಅದರೊಳಗಿನ 'ಇಲ್ಲ' ಕೇಳಿಸುತ್ತದೆ. ಹೊರಗಿನವರಿಗೆ ಕೇಳಿಸುವುದಿಲ್ಲ. 'ವಿ ವಿಲ್ ಟ್ರೈ' ಅಂದರೆ ಅವರು ಡೈರಿಯಲ್ಲಿ ಹೌದು ಅಂತಲೇ ಬರೆದುಕೊಳ್ಳುತ್ತಾರೆ, ಆ ತಾರೀಖನ್ನು ನಂಬಿ ತಮ್ಮ ಗಿರಾಕಿಗೂ ಮಾತು ಕೊಡುತ್ತಾರೆ. ನಿನ್ನ ಮೂರು ಮಿಷನ್ನಿನಲ್ಲಿ ತಿಂಗಳಿಗೆ 200 ಚೀಲವಾಗುತ್ತೆ ಅಂದುಕೋ. ಅವರು ಒಂದೇ ತಿಂಗಳಲ್ಲಿ 500 ಕೇಳಿದರು. ಆಗ ಹೇಳಬೇಕಾದ್ದು ಇಷ್ಟೇ: 'ಇನ್ ಒನ್ ಮಂತ್, ಟೂ ಹಂಡ್ರೆಡ್. ಫಾರ್ ಫೈವ್ ಹಂಡ್ರೆಡ್, ವಿ ನೀಡ್ ತ್ರೀ ಮಂತ್ಸ್.' ಹೇಳಿ ಸುಮ್ಮನಾಗು. ಅವರ ಮುಖ ಸಪ್ಪಗಾದರೆ ಆಗಲಿ, ಗಾಬರಿಬಿದ್ದು ಎರಡು ತಿಂಗಳಿಗೆ ಇಳಿಯಬೇಡ. ತಾರೀಖು ಕೊಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡು. ನಂಜನಗೂಡಿನ ದೊಡ್ಡ ಜಾತ್ರೆಗೆ ಐದು ತೇರು ಎಳೆಯುವಾಗ ಹೊಲಿಯುವ ಹೆಂಗಸರು ಮಿಷನ್ ಮುಂದೆ ಕೂರುತ್ತಾರಾ? ಯುಗಾದಿಗೆ? ಕಳೆ ತೆಗೆಯುವ, ಕುಯ್ಲಿನ ದಿನಗಳಲ್ಲಿ? ಅದನ್ನೆಲ್ಲ ಕಳೆದು ಉಳಿದ ದಿನಗಳ ಮೇಲೆ ಲೆಕ್ಕ ಹಾಕು.

ಲೆಕ್ಕದ ವಿಷಯದಲ್ಲೇ ಇನ್ನೊಂದು. ನಾವು ಒಂದೂವರೆ ಲಕ್ಷವನ್ನು 1,50,000 ಅಂತ ಬರೆಯುತ್ತೇವೆ, ಅವರು 150,000 ಅಂತ. ಲಕ್ಷ ಅಂದರೆ ಅವರಿಗೆ ತಿಳಿಯುವುದಿಲ್ಲ, 'ಒನ್ ಹಂಡ್ರೆಡ್ ಫಿಫ್ಟಿ ಥೌಸಂಡ್ ರುಪೀಸ್' ಅನ್ನಬೇಕು. ತಾರೀಖಿನಲ್ಲೂ ಇದೇ ತೊಡಕು. 4/5 ಅಂದರೆ ನಮಗೆ ಮೇ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಐದು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆ. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳಿಸುತ್ತವೆ. 'ಫಿಫ್ಟೀನ್, ಒನ್ ಫೈವ್' ಅಂತ ಬಿಡಿಸಿ ಹೇಳುವುದನ್ನು ರೂಢಿ ಮಾಡಿಕೋ.

ಇನ್ನು ಕಾಗದಪತ್ರ. ಕಂಪನಿ ಹುಟ್ಟುವುದೇ ಇಂಗ್ಲಿಷಿನಲ್ಲಿ. 2013ರ ಕಂಪನಿ ಕಾಯ್ದೆಯ ಕೆಳಗೆ ಪ್ರೈವೇಟ್ ಲಿಮಿಟೆಡ್ ಮಾಡಲು ಇಬ್ಬರು ಡೈರೆಕ್ಟರು, ಇಬ್ಬರು ಷೇರುದಾರರು ಸಾಕು, ಡೈರೆಕ್ಟರುಗಳೇ ಷೇರುದಾರರೂ ಆಗಬಹುದು. ಒಬ್ಬಳೇ ಮಾಡಬೇಕೆಂದಿದ್ದರೆ ಒನ್ ಪರ್ಸನ್ ಕಂಪನಿಯೂ ಇದೆ. ಸ್ಪೈಸ್ ಪ್ಲಸ್ ಅನ್ನುವ ಆನ್‌ಲೈನ್ ಫಾರಂನಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ ಎಲ್ಲ ಒಟ್ಟಿಗೆ ಆಗುತ್ತವೆ. ಹೆಸರು ಮೊದಲೇ ಕಾದಿರಿಸಿದರೆ 20 ದಿನ ನಿನ್ನದಾಗಿರುತ್ತದೆ, ಅಷ್ಟರೊಳಗೆ ಉಳಿದದ್ದು ಮುಗಿಸಬೇಕು. ಹೆಸರನ್ನು ಕನ್ನಡದ್ದೇ ಇಡು, ಆದರೆ ಫೋನಿನಲ್ಲಿ ಒಂದೇ ಸಲಕ್ಕೆ ಬರೆದುಕೊಳ್ಳುವ ಹಾಗಿರಲಿ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರುಮಾಡಿದ್ದು ಪಕ್ಕದ ನಂಜನಗೂಡಿನಲ್ಲೇ. ಅವರ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತುಕೊಂಡು ಮನೆಮನೆಗೆ ಹೋಯಿತು. ಊರ ಹೆಸರಿಗೆ ನಾಚಿಕೊಳ್ಳಬೇಡ.

ಮೆಮೊರಾಂಡಮ್, ಆರ್ಟಿಕಲ್ಸ್ ಅಂತ ಎರಡು ಪತ್ರ ಬರುತ್ತವೆ. ಕಂಪನಿ ಏನು ಮಾಡಬಹುದು ಅನ್ನುವುದು ಒಂದರಲ್ಲಿ, ಒಳಗೆ ಹೇಗೆ ನಡೆಯಬೇಕು ಅನ್ನುವುದು ಇನ್ನೊಂದರಲ್ಲಿ. ಸಿ.ಎ. ಹತ್ತಿರ ಕೂತು ಒಂದೊಂದು ಪ್ಯಾರಾವನ್ನೂ ಕನ್ನಡದಲ್ಲಿ ಹೇಳಿಸಿಕೋ. 'ಇದಕ್ಕೆ ಸೈನ್ ಹಾಕಿದರೆ ನನ್ನ ಮೇಲೆ ಏನು ಹೊಣೆ ಬೀಳುತ್ತೆ ಸಾರ್?' ಅಂತ ಕೇಳು. ಅವರಿಗೆ ಹೊತ್ತಿಲ್ಲದಿದ್ದರೆ ಬೇರೆಯವರನ್ನು ಹುಡುಕು. ನೋಂದಣಿಯಾಯಿತು ಅಂತ ಫೋಟೊ ಹಾಕಿ ಸುಮ್ಮನೆ ಕೂರುವವರಿದ್ದಾರೆ. ಷೇರಿನ ಹಣ ಕಂಪನಿಯ ಖಾತೆಗೆ ಬಂದಿದೆ, ವ್ಯವಹಾರ ಶುರುಮಾಡುತ್ತಿದ್ದೇವೆ ಅಂತ 180 ದಿನದೊಳಗೆ ಐ.ಎನ್.ಸಿ. 20-ಎ ಅನ್ನುವ ಫಾರಂ ಕೊಡಬೇಕು. ಮರೆತರೆ ದಂಡ. ಹಾಗೇ ಉದ್ಯಮ್ ನೋಂದಣಿ ಮಾಡಿಸು, ಅದಕ್ಕೆ ಸರ್ಕಾರ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ. ಆ ನಂಬರನ್ನು ಇನ್‌ವಾಯ್ಸಿನ ಮೇಲೆ ಅಚ್ಚು ಹಾಕಿಸು. 2006ರ ಎಂ.ಎಸ್.ಎಂ.ಇ. ಕಾಯ್ದೆ ಪ್ರಕಾರ ನಿನ್ನಂಥ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಏನೇ ಕರಾರು ಮಾಡಿಕೊಂಡಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಬರವಣಿಗೆಯ ಕರಾರೇ ಇಲ್ಲದಿದ್ದರೆ 15 ದಿನದೊಳಗೆ. ಇದು ನಮ್ಮ ದೇಶದ ಕಂಪನಿಗಳಿಗೆ ಅನ್ವಯಿಸುವ ಮಾತು. ವಿದೇಶದವರ ಹತ್ತಿರ ಅರ್ಧ ದುಡ್ಡು ಅಡ್ವಾನ್ಸ್ ಕೇಳು. 'ಫಿಫ್ಟಿ ಪರ್ಸೆಂಟ್ ಅಡ್ವಾನ್ಸ್, ಬ್ಯಾಲೆನ್ಸ್ ಬಿಫೋರ್ ಡಿಸ್ಪ್ಯಾಚ್.' ದುಡ್ಡು ಕೇಳುವಾಗ 'ಸಾರಿ' ಅನ್ನಬೇಡ. ನಮ್ಮ ಹುಡುಗಿಯರು ಇಲ್ಲೇ ದನಿ ತಗ್ಗಿಸುವುದು.

ಊರ ಹೆಸರಿನ ಜೊತೆ ಒಂದು ಜವಾಬ್ದಾರಿಯೂ ಇದೆ. ಬದನವಾಳು ಗಾಂಧೀಜಿ 1927ರಲ್ಲಿ ಬಂದುಹೋದ ಊರು, ಆ ಕಾಲದಿಂದ ಖಾದಿಗೆ ಹೆಸರಾದ ಊರು ಅಂತ ಬ್ರೋಷರಿನಲ್ಲಿ ಬರೆಯುವುದು ಸರಿ. ಆದರೆ ಚೀಲದ ಮೇಲೆ 'ಖಾದಿ' ಅಂತ ಅಚ್ಚು ಹಾಕಿಸುವ ಮುಂಚೆ ಯೋಚಿಸು. ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದು ಮಾತ್ರ ಖಾದಿ. 2013ರಿಂದ ಖಾದಿ ಮಾರ್ಕ್ ನಿಯಮಗಳಿವೆ, ಖಾದಿ ಆಯೋಗದ ಆ ಗುರುತಿಲ್ಲದೆ ಖಾದಿ ಅಂತ ಮಾರುವ ಹಾಗಿಲ್ಲ. ಮಿಲ್ಲಿನ ನೂಲನ್ನು ಕೈಮಗ್ಗದಲ್ಲಿ ನೇಯಿಸಿದ್ದರೆ 'ಹ್ಯಾಂಡ್‌ಲೂಮ್' ಅನ್ನು, ಅದೂ ಗೌರವದ ಮಾತೇ. ಸರ್ಟಿಫಿಕೇಟಿಲ್ಲದೆ 'ಆರ್ಗ್ಯಾನಿಕ್' ಅನ್ನಬೇಡ. ಬಟ್ಟೆ ಒಗೆದರೆ ಎಷ್ಟು ಕುಗ್ಗುತ್ತೆ ಅನ್ನುವುದನ್ನು ಬಾಯಲ್ಲಿ ವಿವರಿಸಲು ಹೋಗಬೇಡ. ಒಂದೇ ತಾನಿನಿಂದ ಒಂದೊಂದು ಮೊಳದ ಎರಡು ತುಂಡು ಕತ್ತರಿಸು. ಒಂದನ್ನು ಒಗೆದು ಒಣಗಿಸು, ಇನ್ನೊಂದನ್ನು ಹಾಗೇ ಇಡು. ಬಂದವರ ಮುಂದೆ ಎರಡನ್ನೂ ಹಾಸಿ, ಪಕ್ಕದಲ್ಲಿ ಟೇಪು ಇಟ್ಟು, 'ಬಿಫೋರ್ ವಾಷ್, ಆಫ್ಟರ್ ವಾಷ್' ಅನ್ನು. ಅವರೇ ಬೆರಳಿಟ್ಟು ಅಳೆಯುತ್ತಾರೆ. ಬಣ್ಣ ಒಂದು ಲಾಟಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸವಾದೀತು ಅನ್ನುವುದನ್ನೂ ಹೀಗೇ ತೋರಿಸಿಬಿಡು. ಮೊದಲೇ ತೋರಿಸಿದರೆ ಆಮೇಲೆ ಜಗಳವಿಲ್ಲ.

ಬಂದವರ ಉಪಚಾರ ನಿನಗೆ ಹೇಳಿಕೊಡಬೇಕಾದ್ದಲ್ಲ, ನಿಮ್ಮಜ್ಜಿ ಕೈಲಿ ಬೆಳೆದವಳು. ಕೆಲವು ಸಣ್ಣ ಮಾತು ಮಾತ್ರ. ಕಾರಿನಿಂದ ಇಳಿದವರಿಗೆ ನಮಸ್ಕಾರ ಹೇಳಿ, ಮೊದಲು ಕೈಕಾಲು ತೊಳೆಯುವ ಜಾಗ, ಟಾಯ್ಲೆಟ್ ಎಲ್ಲಿದೆ ತೋರಿಸು. ಅವರಾಗಿ ಕೇಳಲು ಸಂಕೋಚಪಡುತ್ತಾರೆ. ಸೀಲ್ ಒಡೆಯದ ನೀರಿನ ಬಾಟಲಿ ಕೊಡು. ಊಟಕ್ಕೆ ಮುಂಚೆ 'ಇಸ್ ದೇರ್ ಎನಿಥಿಂಗ್ ಯು ಡೋಂಟ್ ಈಟ್?' ಅಂತ ಕೇಳು, ಕಡಲೆಕಾಯಿ ತಿಂದರೆ ಉಸಿರು ಕಟ್ಟುವವರಿದ್ದಾರೆ. ಸಾಕು ಅಂದಮೇಲೆ ಮತ್ತೆ ಬಡಿಸಬೇಡ. ನಮ್ಮಲ್ಲಿ ಅದು ಪ್ರೀತಿ, ಅವರಿಗೆ ಎಲೆಯಲ್ಲಿ ಬಿಡುವುದು ಹೇಗೆ ಅನ್ನುವ ಸಂಕಟ. ಕೊನೆಗೆ ನಂಜನಗೂಡು ರಸಬಾಳೆ ಸಿಕ್ಕರೆ ಇಡು. ಅದರ ಬಗ್ಗೆಯೇ ಹತ್ತು ನಿಮಿಷ ಮಾತಾಡಬಹುದು, ಎಲ್ಲ ಕಡೆ ಬೆಳೆಯದ ಹಣ್ಣು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದದ್ದು. ಮದುವೆಯಾಗಿದೆಯಾ, ಸಂಬಳವೆಷ್ಟು, ಮಕ್ಕಳ್ಯಾಕಿಲ್ಲ, ಇವು ಬೇಡ. ದಾರಿ ಹೇಗಿತ್ತು, ನಿಮ್ಮ ಊರಲ್ಲಿ ಈಗ ಚಳಿಯೋ ಸೆಕೆಯೋ, ನಿಮ್ಮ ಅಂಗಡಿ ಶುರುವಾದದ್ದು ಹೇಗೆ, ಇವು ಕೇಳು. ಕೆಲಸದ ಹೆಂಗಸರ ಫೋಟೊ ತೆಗೆಯಲು ಮೊಬೈಲ್ ಎತ್ತಿದರೆ ಮೆತ್ತಗೆ ತಡೆದು, ಆ ಹೆಂಗಸನ್ನೇ ಕೇಳಿಸು. ಅವಳು ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು.

ಬದನವಾಳಿನ ಬಗ್ಗೆ ಓದಿಕೊಂಡು ಬಂದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 1993ರಲ್ಲಿ ನಮ್ಮೂರಲ್ಲಿ ಮೂವರು ದಲಿತರ ಕೊಲೆಯಾಯಿತು. ಆಗ ನೀನು ಹುಟ್ಟಿರಲಿಲ್ಲ, ಆದರೂ ಉತ್ತರ ನಿನ್ನ ಹತ್ತಿರ ಇರಬೇಕು. 'ಅದೆಲ್ಲ ಹಳೇ ಕಥೆ' ಅಂತ ನಕ್ಕು ತೇಲಿಸಬೇಡ, ವ್ಯಾಪಾರ ಕೆಟ್ಟೀತೆಂದು ಮಾತು ತಿರುಗಿಸಲೂ ಬೇಡ. 'ಯೆಸ್. ಇಟ್ ಹ್ಯಾಪನ್ಡ್ ಹಿಯರ್. ಇಟ್ ವಾಸ್ ಎ ಗ್ರೇಟ್ ರಾಂಗ್' ಅನ್ನು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಇಲ್ಲೇ ಸತ್ಯಾಗ್ರಹ ಮಾಡಿದ್ದನ್ನು ಹೇಳು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಪಾದಯಾತ್ರೆಯಲ್ಲಿ ಬಂದಾಗ, ಎರಡು ಕೇರಿಗಳ ನಡುವೆ 1993ರಿಂದ ಮುಚ್ಚಿದ್ದ ದಾರಿ ತೆರೆದದ್ದನ್ನೂ, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡದ್ದನ್ನೂ ಹೇಳು. ಆಮೇಲೆ ನಿನ್ನ ಕಂಪನಿಯಲ್ಲಿ ಯಾವ ಯಾವ ಕೇರಿಯವರು ಕೆಲಸ ಮಾಡುತ್ತಾರೆ, ಕೂಲಿ ಒಂದೇ ಇದೆಯಾ, ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುತ್ತಾರಾ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ನಾನು ಇಂಗ್ಲಿಷ್ ಹೇಳಿಕೊಡಲಾರೆ. ಹೌದು ಅನ್ನುವ ಹಾಗೆ ನೀನು ಮೊದಲ ದಿನದಿಂದ ನಡೆಸಬೇಕು. ನಿನ್ನ ಕಂಪನಿಯ ಮೇಲೆ ನನಗೆ ಆಸೆ ಇರುವುದು ಮುಖ್ಯವಾಗಿ ಇದಕ್ಕೇ. ನೂಲುವ, ಹೊಲಿಯುವ ಹೆಂಗಸರು ಏನಾದರೂ ಹೇಳಹೊರಟರೆ ಅಡ್ಡಬರದೆ ಪೂರ್ತಿ ಕೇಳಿಸಿಕೊಂಡು, ಅವರಂದದ್ದನ್ನಷ್ಟೇ ಇಂಗ್ಲಿಷಿನಲ್ಲಿ ಹೇಳು. ನಿನ್ನದೇನನ್ನೂ ಸೇರಿಸಬೇಡ.

ಅವರ ಕಾರು ಹೊರಟ ಸಂಜೆಯೇ ಐದಾರು ಸಾಲಿನ ಮೇಲ್ ಬರೆ. ಬಂದದ್ದಕ್ಕೆ ಒಂದು ಸಾಲು ಥ್ಯಾಂಕ್ಸ್. ಆಮೇಲೆ ಯಾವ ಸ್ಯಾಂಪಲ್, ಎಷ್ಟು ಪೀಸು, ಏನು ರೇಟು, ಯಾವ ತಾರೀಖು. ಅವರು ಏನು ಕಳಿಸಬೇಕು, ನಾವು ಏನು ಕಳಿಸಬೇಕು. ಕೊನೆಗೆ 'ಪ್ಲೀಸ್ ಟೆಲ್ ಮಿ ಇಫ್ ಎನಿಥಿಂಗ್ ಈಸ್ ರಾಂಗ್.' ಬಾಯಿಮಾತಿನಲ್ಲಿ ಆದ ತಪ್ಪು ಏನಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಕಳಿಸುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿಕೋ.

ಸಿ.ಎ. ಹತ್ತಿರ ಯಾವತ್ತು ಹೋಗುತ್ತೀಯ ಹೇಳು, ನಾನೂ ಬರುತ್ತೇನೆ. ಹೋಗುವಾಗ ಆಧಾರ್, ಪ್ಯಾನ್, ಕೊಟ್ಟಿಗೆ ಪಕ್ಕದ ಕೋಣೆಯನ್ನು ಕಂಪನಿಗೆ ಕೊಡುತ್ತೇನೆ ಅಂತ ನಿಮ್ಮಪ್ಪನ ಒಪ್ಪಿಗೆ ಪತ್ರ, ಆ ಮನೆಯ ಇತ್ತೀಚಿನ ಕರೆಂಟ್ ಬಿಲ್ಲು, ಇಷ್ಟು ಮರೆಯದೆ ತೆಗೆದಿಟ್ಟುಕೋ.