ಚೀಸ್ ಪ್ಯಾಕೆಟ್ ತಿರುಗಿಸಿ ನೋಡಿ

ಚೀಸ್ ಹಲಾಲೋ ಅಲ್ಲವೋ ಎಂಬ ಅನುಮಾನ ಬಂದರೆ ಹಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಲನ್ನು ಗಟ್ಟಿಗೊಳಿಸಲು ಹಾಕುವ ರೆನೆಟ್ ಎಲ್ಲಿಯದು ಎಂದು ವಿಚಾರಿಸಿ. ಹಿಂದೆಲ್ಲ ಅದನ್ನು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಇಂದಿಗೂ ಕರುವಿನ ರೆನೆಟ್ಟೇ ಆಗಬೇಕು. ಅಲ್ಲಿನ ನಿಯಮವೇ ಹಾಗೆ. ಆ ಕರುವನ್ನು ಜಬಹ್ ಮಾಡಿರದಿದ್ದರೆ? ಇಲ್ಲಿಯೇ ಮದ್‌ಹಬ್‌ಗಳ ದಾರಿ ಕವಲೊಡೆಯುವುದು. ಇಮಾಮ್ ಅಬೂ ಹನೀಫಾ ಅಂಥ ರೆನೆಟ್ಟನ್ನೂ ಶುದ್ಧವೆಂದರು, ಶಾಫಿಗಳು ಒಪ್ಪುವುದಿಲ್ಲ. ಹಾಗಾಗಿ ಬೆಂಗಳೂರಿನ ಹನಫಿ ಗೆಳೆಯರು ತಿಂದರೆಂದು ಶಾಫಿಗಳಾದ ಮಂಗಳೂರಿನ ಬ್ಯಾರಿಗಳೋ ಭಟ್ಕಳದ ನವಾಯತರೋ ಕಣ್ಣುಮುಚ್ಚಿ ತಿನ್ನುವಂತಿಲ್ಲ. ನಿಮ್ಮ ಉಸ್ತಾದರನ್ನೇ ಕೇಳಿ. ಹಂದಿಯದ್ದಾದರೆ ಕೇಳುವ ಮಾತೇ ಇಲ್ಲ.

ನಮ್ಮ ದೇಶದಲ್ಲಿ ಕೆಲಸ ಸುಲಭ. ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇದ್ದರೆ ಪ್ರಾಣಿಯ ರೆನೆಟ್ ಇರಕೂಡದು. ಹಾಕಿರುವುದು ಸಾಮಾನ್ಯವಾಗಿ ಶಿಲೀಂಧ್ರದಿಂದ ತಯಾರಿಸಿದ್ದು. ಆದರೆ ಹಸಿರು ಚುಕ್ಕಿಯೇ ಹಲಾಲ್ ಮುದ್ರೆಯಲ್ಲ, ಅದು ಸಸ್ಯಾಹಾರದ ಗುರುತಷ್ಟೇ. ನಿಂಬೆರಸ ಹಿಂಡಿ ಹಾಲೊಡೆಸಿ ಮಾಡಿದ ಮನೆಯ ಪನೀರಿಗಂತೂ ಈ ಜಂಜಾಟವೇ ಇಲ್ಲ.

ಹೊರದೇಶದಲ್ಲಿರುವವರು ‘ಎನ್‌ಜೈಮ್ಸ್’ ಎಂದಷ್ಟೇ ಬರೆದಿದ್ದರೆ ನಂಬಿ ಕೂರಬೇಡಿ. ‘ಮೈಕ್ರೋಬಿಯಲ್ ರೆನೆಟ್’ ಅಂತಲೋ ‘ವೆಜಿಟೇರಿಯನ್’ ಅಂತಲೋ ಇದೆಯೇ ನೋಡಿ, ಇಲ್ಲದಿದ್ದರೆ ಕಂಪನಿಗೆ ಒಂದು ಮೇಲ್ ಹಾಕಿ. ಖಾರದ ಚಿಪ್ಸ್ ಪ್ಯಾಕೆಟ್ಟನ್ನೂ ಬಿಡಬೇಡಿ. ಅದರಲ್ಲಿನ ವೇ ಪೌಡರ್ ಎಷ್ಟೋ ಸಲ ಚೀಸ್ ಮಾಡಿ ಉಳಿದ ನೀರಿನಿಂದಲೇ ಬಂದಿರುತ್ತದೆ.